ಭಂಡಾರದೊಳಗಿನ ಎಂಟು

ಮುಂದಿನ ಟ್ರ್ಯಾಕ್ಟರಿನ ಎರಡನೇ ಟ್ರೇಲರು ವಾಲುತ್ತಿದೆ, ಈಗ ಎಡಕ್ಕೆ, ಈಗ ಬಲಕ್ಕೆ, ಕಬ್ಬಿನ ಸೋಗೆ ರಸ್ತೆ ಗುಡಿಸುತ್ತಿದೆ, ಬೀಳುವುದಿಲ್ಲ ಅದು, ಈ ಕಡೆ ಎಲ್ಲವೂ ಹೀಗೇ ಹೋಗುತ್ತವೆ, ಬೀಳುತ್ತವೆ ಅನ್ನಿಸುತ್ತ ಫ್ಯಾಕ್ಟರಿ ಮುಟ್ಟುತ್ತವೆ — ಗೋಕಾಕ ಫಾಲ್ಸ್ ಬಿಟ್ಟು ಅರ್ಧ ಗಂಟೆಯಾಯಿತು, ನಮ್ಮ ಕ್ರೂಸರು ಹುಕ್ಕೇರಿಗೆ ಹೊರಟಿದೆ, ಸ್ಟೇರಿಂಗಿನ ಮೇಲೆ ಮಾಲಿಂಗಪ್ಪ ಕಾಕಾನ ಎರಡೇ ಬೆರಳು, ನನ್ನ ಮಡಿಲಲ್ಲಿ ಭಂಡಾರದ ಚೀಲ, ದೇವರ ಅರಿಶಿನದ್ದು. ಮತ್ತೆ ಬೆರಳು ಹಾಕುತ್ತೇನೆ. ಅರಿಶಿನ ಪುಡಿ, ಹೊಲಿಗೆಯ ಮೂಲೆ, ಅಷ್ಟೇ. ಎಂಟು ಗುಳಿಗೆ ಇದ್ದವು. ಹತ್ತು ದಿನದ ಶೂಟಿಂಗಿಗೆ ಅವ್ವ ಹತ್ತು ಹಾಕಿ ಕಳಿಸಿದ್ದಳು, ಮೂಡಲಗಿಯಲ್ಲಿ ಎರಡು ನುಂಗಿದೆ, ಇವತ್ತಿನದು ನಾಷ್ಟಾ ಆದಮೇಲೆ ಎಂದು ಬಿಟ್ಟಿದ್ದೆ, ನಾಷ್ಟಾಕ್ಕೆ ಮೊದಲೇ ಡೈರೆಕ್ಟರ್ ಮೇಡಂ ಬಿಸಿಲು ಛಲೋ ಐತಿ ಬರ್ರಿ ಬರ್ರಿ ಎಂದರು. ಚೀಲ ಕಟ್ಟುವಾಗ ಅವ್ವ ಅಂದಿದ್ದಳು, ದೇವರ ಚೀಲದಾಗ ಮಂದಿ ಕೈ ಹಾಕೂದಿಲ್ಲವಾ, ಅಲ್ಲೇ ಇರಲಿ, ಮುಂಜಾನೆ ಹಣಿಗೆ ಭಂಡಾರ ಹಚ್ಚಿಕೊಂಡು ಹಂಗ ಬಾಯಾಗ ಹಾಕ್ಕೋ, ಪರಸಾದ ಅಂತ ತಿಳೀತಾರ. ಅವ್ವನ ತಲೆ ಓಡುವುದೇ ಹಾಗೆ. ಮೂರು ವರ್ಷದಿಂದ ನನ್ನ ಕಾಯಿಲೆ ಅರಿಶಿನದಲ್ಲಿ ಹುದುಗಿಕೊಂಡಿದೆ, ಗುಳಿಗೆಯ ಕಹಿಯೂ ನನಗೆ ಅರಿಶಿನದ್ದೇ ಕಹಿ.

ಇದಕ್ಕೆ ರೋಡ್ ಪಿಕ್ಚರ್ ಎನ್ನುತ್ತಾರಂತೆ, ಕಥೆ ಪೂರ್ತಿ ದಾರಿಯಲ್ಲೇ ನಡೆಯಬೇಕಂತೆ. ಮನಸ್ಸಿನ ಕಾಯಿಲೆಯ ಇಬ್ಬರು ಹರೆಯದವರು ಡಾಕ್ಟರ ಬಾಗಿಲ ಸಾಲಿನಲ್ಲಿ ಸಿಕ್ಕು, ಸಾಲು ಬಿಟ್ಟು, ಗಾಡಿ ಹತ್ತಿಬಿಡುತ್ತಾರೆ — ಮೂಡಲಗಿಯಿಂದ ಗೋಕಾಕ, ಗೋಕಾಕದಿಂದ ಹುಕ್ಕೇರಿ. ಇಷ್ಟು ದಾರಿಯನ್ನು ನಮ್ಮಪ್ಪನ ಕುರಿಗಳು ಮೇಯುತ್ತ ಮೇಯುತ್ತ ನಾಲ್ಕು ದಿನದಲ್ಲಿ ಮುಗಿಸುತ್ತವೆ, ನಾವು ಹತ್ತು ದಿನ ಇಟ್ಟುಕೊಂಡಿದ್ದೇವೆ. ನನ್ನ ಜೋಡಿ ನಟಿಸುವ ಮಲ್ಲೇಶ ಅದರಲ್ಲಿ ಸಾರೆ ಸಾರೆ ಕೈ ತೊಳೆಯುವ ಹುಡುಗ, ನಾನು ಕಸ್ತೂರಿ, ಕಥೆಯಲ್ಲಿ ಅರ್ಚನಾ, ಒಮ್ಮೆ ಮುಗಿಲಿಗೇರಿ ಒಮ್ಮೆ ಬಾವಿಗಿಳಿಯುವ ಹುಡುಗಿ. ಗೋಕಾಕ ಕಾಲೇಜಿನಲ್ಲಿ ನೂರು ಹುಡುಗಿಯರನ್ನು ನೋಡಿ ಶೋಭಾ ಮೇಡಂ ನನ್ನನ್ನೇ ಆರಿಸಿದರು, ಏನ್ ಕಸ್ತೂರಿ, ಎಲ್ಲಿ ಕಲ್ತೀವಾ ಇದನ್ನ, ಕಣ್ಣಾಗ ಬರ್ತದಲ್ಲ. ಎಲ್ಲಿ ಕಲಿತೆ. ಮೂಡಲಗಿಯಲ್ಲಿ ಎರಡನೇ ದಿನ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು, ಕೈ ಸ್ವಲ್ಪ ಕಮ್ಮಿ ನಡಗಸವಾ, ಜಾಸ್ತಿ ಆತಂದ್ರ ಮಂದಿ ಆ್ಯಕ್ಟಿಂಗ್ ಅಂತಾರ. ಅದು ಗುಳಿಗೆಯ ನಡುಕ, ಶುರುವಿನಲ್ಲೇ ಡಾಕ್ಟರು ಹೇಳಿದ್ದರು, ಕಮ್ಮಿ ಮಾಡು ಎಂದರೆ ಎಲ್ಲಿಂದ ಮಾಡಲಿ. ಆತ್ರಿ ಮೇಡಂ ಎಂದೆ, ಎಡಗೈಯಿಂದ ಬಲಗೈ ಹಿಡಿದುಕೊಂಡೆ, ಅದನ್ನೂ ಹೊಗಳಿದರು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ, ಹುಟ್ಟಿದಾಗಿನಿಂದ ಇಷ್ಟು ಖುಷಿ ನನಗಾಗಿಲ್ಲ. ಈಗ ಬಾಯಿ ಬಿಟ್ಟರೆ ಅಭಿನಯವೆಲ್ಲ ರೋಗವಾಗಿಬಿಡುತ್ತದೆ. ಓಹೋ ಅದಕ್ಕs ಎನ್ನುತ್ತಾರೆ. ಆ ಓಹೋ ನನಗೆ ಬೇಡ.

ಫಾಲ್ಸಿನಲ್ಲಿ ಆದದ್ದು ಇಷ್ಟೇ. ಕಥೆಯಲ್ಲಿ ಅರ್ಚನಾ ಗುಳಿಗೆಯ ಪಟ್ಟಿಯನ್ನು ನೀರಿಗೆಸೆದು ನಗಬೇಕು. ಖಾಲಿ ಪಟ್ಟಿ ಕೊಟ್ಟರು, ಎಸೆದೆ, ಎಸೆಯುವುದೇನು ಕಷ್ಟ, ನುಂಗದವರಿಗೆ ಎಸೆಯುವುದು ಬಹಳ ಸುಲಭ ಕಾಣುತ್ತದೆ. ಮೇಡಂಗೆ ಹಿಡಿಸಲಿಲ್ಲ, ಕಾಣಸs ಒಲ್ದು, ಸಣ್ಣದಾತು, ಆಮೇಲೆ ಅವರ ಕಣ್ಣು ನನ್ನ ಸೊಂಟದ ಚೀಲಕ್ಕೆ ಬಿತ್ತು. ಅದೇನವಾ. ಭಂಡಾರ್ರಿ, ನಮ್ಮ ದೇವರದು. ಹಾರಸ್ತಾರಲ್ಲ ಅದನ್ನ, ಹಾರಸ್ತಿಯೇನು, ಏನೂ ತಪ್ಪಿಲ್ಲಲ್ಲ. ತಪ್ಪೇನಿಲ್ಲ, ಪಲ್ಲಕ್ಕಿ ಬಂದಾಗ ನಡೆಯಲು ಬಾರದ ಕೂಸಿನ ಕೈಯಿಂದಲೂ ಹಾರಿಸುತ್ತೇವೆ. ಆ್ಯಕ್ಷನ್ ಎಂದರು. ಚೀಲ ನೋಡಿಕೊಂಡು ಭಂಡಾರ ಹಾರಿಸಿದವರನ್ನು ನಾನು ಕಂಡಿಲ್ಲ, ಕಣ್ಣು ಮೇಲೆ, ಕೈ ಒಳಗೆ, ಮುಷ್ಟಿ ತುಂಬ ಹಿಡಿದು ಮುಗಿಲಿಗೆ — ಕೈಗೆ ಗೊತ್ತಿದ್ದುದನ್ನು ಕೈ ಮಾಡಿತು, ಒಮ್ಮೆ, ಮತ್ತೊಮ್ಮೆ, ಬೆರಳಿಗೆ ಗಟ್ಟಿ ಏನೋ ತಾಗಿದ್ದು ಮೂರನೇ ಮುಷ್ಟಿ ಬಿಟ್ಟ ಮೇಲೆ ನೆನಪಾಯಿತು. ಹಳದಿ ಗಾಳಿಯಲ್ಲಿ ನಿಂತಿತ್ತು. ನಿಲ್ಲದ್ದು ನೆಟ್ಟಗೆ ನೀರಿಗೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ಕಥೆಯಲ್ಲಿದ್ದಂತೆ ನಾನೂ ನಕ್ಕೆ.

ಒಂದು ದಿನಕ್ಕೆ ಏನೂ ಆಗುವುದಿಲ್ಲ, ಎಂಟು ದಿನಕ್ಕೆ ಆಗುತ್ತದೆ. ಹೋದ ವರ್ಷ ಅಕ್ಕನ ಮದುವೆ, ಬೀಗರು ಬರ್ತಾರ ಎಂದು ನಾನೇ ಹದಿನೈದು ದಿನ ಗುಳಿಗೆ ಬಿಟ್ಟೆ. ಮೊದಲು ನಿದ್ದೆ ಬೇಡವಾಯಿತು, ಆಮೇಲೆ ಎಲ್ಲ ಸಲೀಸಾಗಿ ಕಂಡಿತು, ಕುರಿಗಳು ಪಾಪ ಹಿಡಕಲ್ ಅಣೆಕಟ್ಟು ನೋಡಿಲ್ಲವಲ್ಲ, ಬೆಳ್ಳಂಬೆಳಗ್ಗೆ ದೊಡ್ಡಿ ತೆಗೆದು ನೂರಿಪ್ಪತ್ತನ್ನೂ ದೊಡ್ಡ ರಸ್ತೆಗೆ ಹೊಡೆದುಕೊಂಡು ಹೊರಟೆ, ಹಾಡುತ್ತ ಹೊರಟೆ, ಅದೇ ನನ್ನ ಮೊದಲ ರೋಡ್ ಪಿಕ್ಚರ್. ಲಾರಿ ಬಂತು. ಹನ್ನೊಂದು ಕುರಿ. ತ್ವಾಳ ಬಂದಿತ್ತು, ಬೆದರ್ಯಾವ, ಎಂದು ಅಪ್ಪ ಊರಿಗೆ ಹೇಳಿದ, ತೋಳ ಹೊಕ್ಕ ದೊಡ್ಡಿಯ ಬಾಗಿಲು ಹಗ್ಗ ಬಿಚ್ಚಿ ತೆರೆದಿತ್ತು, ಊರು ನಂಬಿತು, ಇಲ್ಲವೇ ನಂಬಿದ ಹಾಗೆ ಮಾಡಿತು. ಸತ್ತ ಕುರಿ ಹೇರಿಕೊಂಡು ಬಂದದ್ದು ಇದೇ ಕ್ರೂಸರಿನಲ್ಲಿ, ಇದೇ ಮಾಲಿಂಗಪ್ಪ ಕಾಕಾ, ನಮ್ಮ ಘೋಡಗೇರಿಯವನು, ಎದುರು ಮನೆ. ಇವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಹಿಟ್ಟಿನ ಗಿರಣಿ ಮುಟ್ಟುತ್ತದೆ, ಗಿರಣಿ ಮುಟ್ಟಿದ್ದು ಊರು ಮುಟ್ಟುತ್ತದೆ, ಅವ್ವ ಮೂರು ವರ್ಷ ಹಚ್ಚಿದ ಅರಿಶಿನವೆಲ್ಲ ನೀರಿಗೆ. ಇಳಿದ ಮೇಲೆ ಒಬ್ಬಳೇ ಹೋಗಿ ಗುಳಿಗೆ ಕೊಂಡರಾಯಿತು. ಆದರೆ ಇವರು ಹುಡುಗಿಯನ್ನು ಒಬ್ಬಳನ್ನೇ ಎಲ್ಲಿ ಬಿಡುತ್ತಾರೆ, ನೀರು ಕುಡಿಯಲು ಹೋದರೂ ಸಂಗಡ ಒಬ್ಬರು. ನಾಳೆ ಹೇಳಿದರಾಯಿತು. ನಾಳೆ ಎಂದೇ ಹದಿನೈದು ದಿನವಾಗಿತ್ತು.

ಮೇಡಂ ಮುಂದಿನ ಸೀಟಿನಿಂದ ಟ್ಯಾಬ್ ಹಿಂದಕ್ಕೆ ತಿರುಗಿಸಿ ಹಿಡಿದಿದ್ದಾರೆ, ನೋಡ್ರಿಲ್ಲೆ, ಎಷ್ಟು ಛಂದ ಬಂದೈತಿ, ನಿಧಾನ ಓಡಿಸಿದ್ದಾರೆ, ನನ್ನ ಕೈ ಏಳುತ್ತದೆ, ಬಿಚ್ಚುತ್ತದೆ, ಹಳದಿ ಹಬ್ಬುತ್ತದೆ, ಇವೇನೋ ಬೆಳ್ಳಗ ಅದಾವಲ್ಲ, ಏನಿವು. ಜ್ವಾಳದ ಅಳ್ಳು ಇರಬೇಕ್ರಿ, ಮಲ್ಲೇಶ. ನೀರಿನ ಹನಿ ಅನಸ್ತೈತ್ರಿ, ಕ್ಯಾಮೆರಾದ ಭೀಮರಾಯ, ಇರಲಿ ಬಿಡ್ರಿ ಮೇಡಂ, ಕಂಪ್ಯೂಟರಿನ್ಯಾಗ ಅಳಿಸಿ ಬಿಡ್ತೇನಿ, ಬರೇ ಹಳದಿ ಉಳೀತೈತಿ. ಬರೀ ಹಳದಿ. ಊರೂರಿನ ಪರದೆಯ ಮೇಲೆ ಒಬ್ಬ ಹುಡುಗಿ ನಗುತ್ತ ಬರೀ ಹಳದಿ ಹಾರಿಸುತ್ತಾಳೆ, ನನ್ನಂಥ ಇನ್ನೊಬ್ಬಳು ನೋಡುತ್ತಾಳೆ, ಮನೆಗೆ ಹೋಗಿ ತನ್ನ ಗುಳಿಗೆ — ಅಳಸಬ್ಯಾಡ್ರಿ. ಯಾರ ದನಿ ಇದು, ನನ್ನದೇ. ಅಳಸಬ್ಯಾಡ್ರಿ ಅವನ್ನ, ಗುಳಿಗಿ ಅವು. ಮೇಡಂ ನಗುತ್ತಾರೆ, ಯಾವ ಗುಳಿಗಿ, ಕಥೀ ಗುಳಿಗಿ ಖಾಲಿ ಇದ್ವಲ್ಲವಾ. ನನ್ನವ್ರಿ. ನಾ ದಿನಾ ತಗೋತೇನಲ್ಲರಿ, ಅವು.

ಯಾರೂ ಓಹೋ ಎನ್ನಲಿಲ್ಲ. ಮಲ್ಲೇಶ ತನ್ನ ಕೈ ನೋಡಿಕೊಂಡ. ಎಂಜಿನ್ನಿನ ಸದ್ದು, ಸೋಗೆಯ ಸದ್ದು, ಕಾಕಾ ಹಾರ್ನ್ ಹೊಡೆದು ಟ್ರ್ಯಾಕ್ಟರನ್ನು ದಾಟಿ ಮುಂದೆ ಬಂದ, ಹಿಂದೆ ತಿರುಗಲಿಲ್ಲ, ಹುಕ್ಕೇರ್‍ಯಾಗ ಔಷಧದಂಗಡಿ ಮುಂದs ನಿಲ್ಲಸ್ತೇನಿ, ಚೀಟಿ ಐತೇನವಾ. ಮೊಬೈಲಿನ್ಯಾಗ ಐತಿ ಕಾಕಾ. ಹೂಂ ಎಂದ. ಬೇರೆಯವರ ಮನೆಯ ಜ್ವರಕ್ಕೆ ಹೂಂ ಎನ್ನುವ ಹಾಗೆ, ಹೊಸದೇನೂ ಕೇಳದವನ ಹಾಗೆ. ಟ್ಯಾಬ್ ನಿಲ್ಲಿಸುವುದು ಯಾರಿಗೂ ನೆನಪಾಗಿಲ್ಲ, ಅದು ಮತ್ತೆ ಮೊದಲಿಗೆ ಹೋಗಿದೆ, ನಡುಗುವ ಕೈ ಏಳುತ್ತದೆ, ಬಿಚ್ಚುತ್ತದೆ, ಹಳದಿ ನಿಲ್ಲುತ್ತದೆ, ಹಳದಿಯೊಳಗಿಂದ ನೆಟ್ಟಗೆ, ಒಂದು, ಎರಡು, ಬೆಳ್ಳಗೆ, ಎಂಟು