ಮಂಡಿಯೊಳಗಿನ ಕಾಜಾ

ಗುಂಯ್ ಅನ್ನುತ್ತಿದೆ ಯಂತ್ರ, ಅದರ ಹೊಟ್ಟೆಯೊಳಗೆ ಗಿರಗಿರನೆ ಸುತ್ತುತ್ತಿರುವುದು ನನ್ನ ರಕ್ತ, ಮೇಜು ನಡುಗುತ್ತಿದೆ, ನಡುಗದೆ ಇನ್ನೇನು, ಬೇರೆಯವರ ರಕ್ತವಾಗಿದ್ದರೆ ತೆಪ್ಪಗೆ ಸುತ್ತುತ್ತಿತ್ತು, ಒಮ್ಮೆ ವಾಲಿಬಾಲ್ ಬಲೆಯ ಮುಂದೆ ನೆಗೆದವನು ಕೆಳಗಿಳಿಯುವಷ್ಟರಲ್ಲಿ ಎದುರು ತಂಡದವರೆಲ್ಲ ಊಟ ಮುಗಿಸಿ ಕೈ ತೊಳೆದು ಬಂದಿದ್ದರಲ್ಲ, ಆ ಮಹಾನುಭಾವನ ರಕ್ತ ಇದು — ಮೇಲೆ ಹಾರುತ್ತಿದ್ದ ಕಾಗೆ ಬೆದರಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತ್ತು, ಸುಮ್ಮನೆ ಇಟ್ಟರೇ ನನಗೆ ಸ್ಪ್ರಿಂಗು ಅಂತ ಹೆಸರು — ಲೋ ಸ್ಪ್ರಿಂಗು, ಕಾಲು ಅಲ್ಲಾಡಿಸಬೇಡ್ವೋ, ಅನ್ನುತ್ತಾಳೆ ಅಕ್ಕ, ಕುರ್ಚಿಯ ತುದಿಯಲ್ಲಿ ಕೂತಿದ್ದಾಳೆ, ಹೊಲಿಗೆ ಅಂಗಡಿ ಮುಚ್ಚಿ ಬಂದಿದ್ದಾಳೆ, ತೊಡೆಯ ಮೇಲೆ ಬಟ್ಟೆಚೀಲ, ಅದನ್ನೇಕೆ ಹಾಗೆ ಅವುಚಿಕೊಂಡಿದ್ದಾಳೋ. ಹೋದ ಸಲವೂ ಹೀಗೇ, ತೋಳಿನಿಂದ ರಕ್ತ ಎಳೆದು, ಸುತ್ತಿಸಿ, ಕೆಂಪು ತಳಕ್ಕಿಳಿದು ಹಳದಿ ತಿಳಿ ಮೇಲೆ ನಿಂತಾಗ ಅದನ್ನೇ ಹೀರಿ ಮಂಡಿಗೆ ಚುಚ್ಚಿದ್ದರು ಡಾಕ್ಟರಮ್ಮ, ನಿಮ್ಮ ರಕ್ತವೇ ನಿಮಗೆ ಔಷಧಿ ಕಣ್ರೀ, ಅದರಲ್ಲಿರೋ ಪ್ಲೇಟ್‌ಲೆಟ್‌ಗಳು ಹರಿದ ನಾರನ್ನ ಮತ್ತೆ ಕಟ್ಟೋಕೆ ನೋಡ್ತವೆ, ಆ ಕೆಲಸ ನಡೆಯೋವಾಗ ನೋಯತ್ತೆ, ನೋಯ್ಲಿ ಬಿಡಿ, ನೋವಿನ ಮಾತ್ರೆ ಮಾತ್ರ ಮುಟ್ಟಬೇಡಿ, ಅದು ಎಲ್ಲ ಕೆಡಿಸತ್ತೆ, ನೆಗೆಯೋದಂತೂ ಬೇಡವೇ ಬೇಡ. ನೋವಾ, ಅದು ಯಾವ ಬಣ್ಣಕ್ಕಿರತ್ತೆ ಮೇಡಂ, ಅಂದಿದ್ದೆ, ನಕ್ಕಿದ್ದರು. ಮನೆಗೆ ಹೋದಮೇಲೆ ಮಂಡಿಯೊಳಗೆ ಯಾರೋ ಕಾದ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತಂತೆ — ಅಲ್ಲ, ಸೊಳ್ಳೆ ಕಚ್ಚಿದಂತೆ, ಅಷ್ಟೇ.

ತಣ್ಣಗಿನ ಜೆಲ್ಲು ಮಂಡಿಗೆ, ಅದರ ಮೇಲೆ ಸ್ಕ್ಯಾನಿನ ಹಿಡಿ ಜಾರುತ್ತಿದೆ, ಪರದೆಯಲ್ಲಿ ಬೂದು ಬಣ್ಣದ ಎಳೆಗಳು, ನಡುವೆ ಕಪ್ಪಗೆ ಬಾಯಿ ತೆರೆದಿರುವುದೇನದು, ಡಾಕ್ಟರಮ್ಮ ಇವತ್ತು ನಗುತ್ತಿಲ್ಲ. ಹೋದ ಸಲ ಕೂದಲೆಳೆಯಷ್ಟಿತ್ತು ಬಿರುಕು. ಅಕ್ಕ ಕತ್ತು ಚಾಚಿ, ಅಯ್ಯೋ, ಇದೇನ್ ಡಾಕ್ಟ್ರೇ, ಕಾಜಾ ಥರ ಇದೆಯಲ್ಲ. ಹೌದು, ಕಾಜಾನೇ, ಗುಂಡಿ ತೂರಿಸಲು ಅವಳು ಕತ್ತರಿಯ ಮೊನೆಯಿಂದ ಅಂಗಿಯಲ್ಲಿ ಸೀಳುವ ಕಾಜಾ. ಆಡಿದ್ರಾ? ಛೆ ಛೆ. ಮಾತ್ರೆ? ನಾನಾ ಮೇಡಂ, ನನ್ನ ಕಂಡರೆ ಮಾತ್ರೆಗಳೇ ಡಬ್ಬಿಯೊಳಗೆ ಅವಿತುಕೊಳ್ತವೆ. ತಮಾಷೆ ಸಾಕು, ನಿಜ ಹೇಳಿ, ಇದೇ ಕೊನೇ ಇಂಜೆಕ್ಷನ್, ಮಾತ್ರೆ ತಗೊಂಡಿದ್ರೆ ಇವತ್ತು ಚುಚ್ಚೋದೇ ದಂಡ, ಆಮೇಲೆ ಆಪರೇಷನ್ನೇ ಗತಿ, ನಡೀಬಹುದು, ನೆಗೆಯೋದು ಮರೆತುಬಿಡಿ. ನೆಗೆಯದ ಸ್ಪ್ರಿಂಗು, ಹಾಗೆಂದರೆ ಏನು, ಒಂದು ತುಂಡು ತಂತಿ — ಇಲ್ಲ ಮೇಡಂ, ಅಕ್ಕನಾಣೆ, ಒಂದೂ ಇಲ್ಲ.

ಯಂತ್ರ ನಿಂತಿದೆ. ಅಕ್ಕನ ಕೈ ಚೀಲದೊಳಗೆ ಹೋಗುತ್ತಿದೆ, ನನ್ನ ಮಂಡಿಪಟ್ಟಿ ಹೊರಗೆ ಬರುತ್ತಿದೆ, ಹೊಲಿಗೆ ಬಿಟ್ಟಿದೆ ಹಾಕಿಕೊಡೇ ಅಂತ ನಾನೇ ಕೊಟ್ಟದ್ದು, ಎಂಥ ಕತ್ತೆ ನಾನು, ಅವಳು ಅದನ್ನು ಮೆಲ್ಲಗೆ ಹಿಂಡುತ್ತಾಳೆ, ಚರಚರ, ಒಳಗಿನ ಸ್ಪಂಜಿನ ಸಂದಿಯಲ್ಲಿ ನಾನು ಬಚ್ಚಿಟ್ಟು ಮರೆತ ಮಾತ್ರೆಯ ಬೆಳ್ಳಿಹಾಳೆ. ಪಟ್ಟಿಗೆ ಸೂಜಿ ಹಾಕೋವಾಗ್ಲೇ ಗೊತ್ತಾಯ್ತು ಕಣೋ, ನೀನೇ ಬಾಯಿ ಬಿಡ್ತೀಯ ಅಂತ ಕಾಯ್ತಿದ್ದೆ, ನನ್ನ ಆಣೆ ಬೇರೆ ಹಾಕ್ತೀಯಾ. ತಗೊಂಡೆ, ಯಾರ ದನಿ ಇದು, ನನ್ನದೇ, ದಿನಾ ತಗೊಂಡೆ, ತಡೆಯೋಕಾಗ್ಲಿಲ್ಲ, ತಂಡದಿಂದ ತೆಗೀತಾರೆ ಅಂತ ಮೊನ್ನೆ ಆಡಿಯೂ ಆಡಿದೆ — ಕಾಗೆಯೂ ಇಲ್ಲ ಮಣ್ಣೂ ಇಲ್ಲ, ಬಲೆಯ ಮೇಲಂಚು ಬೆರಳಿಗೆ ಸಿಗಲಿಲ್ಲ, ಇಳಿದಾಗ ಒಳಗೆ ಪರ್ ಎಂದಿತು, ಅಕ್ಕನ ಅಂಗಡಿಯಲ್ಲಿ ಬಟ್ಟೆ ಹರಿಯುವ ಸದ್ದು, ನೋಯಲಿಲ್ಲ, ಏನೂ ನೋಯಲಿಲ್ಲ, ಅದಕ್ಕೇ ಇನ್ನೊಮ್ಮೆ ನೆಗೆದೆ, ಮತ್ತೊಮ್ಮೆ. ಡಾಕ್ಟರಮ್ಮ ಹಳದಿ ತಿಳಿಯ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಡುತ್ತಿದ್ದಾರೆ, ಸೂಜಿಯ ಮುಚ್ಚಳ ತೆಗೆಯುತ್ತಿಲ್ಲ, ಅಕ್ಕ ನನ್ನತ್ತ ನೋಡುತ್ತಿಲ್ಲ, ಪರದೆಯನ್ನು ಯಾರೂ ಆರಿಸಿಲ್ಲ, ಬೂದು ಎಳೆಗಳ ನಡುವೆ ಆ ಕಾಜಾ, ಕಪ್ಪಗೆ, ತೆರೆದುಕೊಂಡು, ಆ ಕಾಜಾ