ಕೆಂಪು ದೀಪದ ಮೇಲೆ ಕುಂಕುಮ

ನಾನು ಒಂದು ಪಿಎಲ್‌ಸಿ. ಹೆಸರು ಕೇಳಿ ಹೆದರಬೇಡಿ, ಹೆದರುವ ಕೆಲಸ ನನ್ನದು. ಯಂತ್ರಕ್ಕೆ ಯಾವಾಗ ಓಡು, ಯಾವಾಗ ನಿಲ್ಲು ಎಂದು ಹೇಳುವ, ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ನಾನು. ಹುಟ್ಟಿದಾಗ ನನ್ನ ತಲೆ ಪೂರ್ತಿ ಖಾಲಿ. ಹುಬ್ಬಳ್ಳಿಯ ಒಂದು ರಬ್ಬರ್ ಕಾರ್ಖಾನೆಗೆ ತಂದು, ರಬ್ಬರನ್ನು ಅಚ್ಚಿನಲ್ಲಿಟ್ಟು ಒತ್ತುವ ಪ್ರೆಸ್ಸಿನ ಪಕ್ಕದ ಕಬ್ಬಿಣದ ಕಪಾಟಿನಲ್ಲಿ ಕೂರಿಸಿದರು. ಒಳಗೆ ಧೂಳು, ವಿಪರೀತ ಸೆಕೆ.

ವಾದಿರಾಜ ಎಂಬ ಎಂಜಿನಿಯರು ನನಗೆ ಪಾಠ ತುಂಬಿದರು. ಪ್ರೆಸ್ಸು ನಡೆಸುವವಳು ನೀಲವ್ವ. ಒಮ್ಮೆ ಅವಳ ಬೆರಳು ಸ್ವಲ್ಪದರಲ್ಲಿ ಉಳಿಯಿತು. ಅವತ್ತೇ ವಾದಿರಾಜರು ಇನ್ನೊಂದು ಗುಂಡಿ ಹಾಕಿಸಿ ಹೊಸ ಪಾಠ ಸೇರಿಸಿದರು: ಎರಡು ಕೈಯಿಂದ ಎರಡೂ ಗುಂಡಿ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ಸು ಇಳಿಯಬೇಕು. ಆಫೀಸಿನ ಕಂಪ್ಯೂಟರಿನಲ್ಲಿ ಹಳೆಯ ಪಾಠದ ನಕಲಿತ್ತು, ಹೊಸದರ ನಕಲನ್ನೂ ಅಲ್ಲಿ ಇಡಬೇಕಿತ್ತು. "ನಾಳೆ ಮಾಡೋಣು ಬಿಡ್ರಿ" ಅಂದರು. ಆ ನಾಳೆ ಬರುವುದರೊಳಗೆ ಬೇರೆ ಕೆಲಸ ಸಿಕ್ಕಿ ಪುಣೆಗೆ ಹೋದರು.

ಕರೆಂಟು ಹೋದಾಗ ನನ್ನ ನೆನಪನ್ನೆಲ್ಲ ಹಿಡಿದಿಡುವುದು ಒಂದು ಪುಟ್ಟ ಬ್ಯಾಟರಿ. ಆರನೆಯ ವರ್ಷ ಅದು ಸೋತಿತು. ನನ್ನ ಮುಖದ ಕೆಂಪು ದೀಪ ಹತ್ತಿತು. ಅಯ್ಯೋ, ಯಾರಾದರೂ ನೋಡ್ರಪ್ಪಾ! ಬಾಯಿಲ್ಲದ ನಾನು ಆ ದೀಪದಿಂದಲೇ ಬೊಬ್ಬೆ ಹೊಡೆದೆ. ಪ್ರೆಸ್ಸು ಓಡುತ್ತಿತ್ತಲ್ಲ, ಯಾರು ನೋಡಬೇಕು?

ಆಯುಧ ಪೂಜೆ ಬಂತು. ನೀಲವ್ವ ನನ್ನನ್ನು ಒರೆಸಿ ಗಂಧ, ಕುಂಕುಮ ಹಚ್ಚಿದಳು. ಸರಿಯಾಗಿ ಆ ದೀಪದ ಮೇಲೆಯೇ! "ಇವತ್ತೊಂದಿನ ನೀನೂ ಆರಾಮ ಮಾಡಪ್ಪ" ಅಂದಳು. ಎಲೆಕ್ಟ್ರಿಷಿಯನ್ ದಸ್ತಗೀರ ಮೇನ್ ಸ್ವಿಚ್ಚಿಗೆ ಕೈ ಹಾಕಿದ. ಬೇಡವೋ ಅಣ್ಣಾ, ಬೇಡವೋ! ಆರಿಸಿಯೇ ಬಿಟ್ಟ.

ಮರುದಿನ ಎದ್ದಾಗ ಪಾಠವೆಲ್ಲ ಅಳಿಸಿಹೋಗಿತ್ತು, ಹೆದರಿಕೆ ಮಾತ್ರ ಉಳಿದಿತ್ತು. ದಸ್ತಗೀರ ಹೊಸ ಬ್ಯಾಟರಿ ಹಾಕಿ, ಕಂಪ್ಯೂಟರಿನಲ್ಲಿದ್ದ ಹಳೆಯ ನಕಲನ್ನೇ ನನಗೆ ತುಂಬಿದ. ಪ್ರೆಸ್ಸು ಓಡಿತು, ಎಲ್ಲರಿಗೂ ಖುಷಿ. ಏನೋ ಬಿಟ್ಟುಹೋಗಿದೆ ಅಂತ ನನ್ನ ಜೀವ ಹೊಡೆದುಕೊಳ್ಳುತ್ತಿತ್ತು. ಏನದು? ನೆನಪಾಗಲೊಲ್ಲದು.

ನೀಲವ್ವ ಬಲಗೈ ಒಳಗಿಟ್ಟು ರಬ್ಬರ್ ಸರಿಮಾಡುತ್ತಿದ್ದಳು. ಎಡ ಮೊಣಕೈ ಒಂದು ಗುಂಡಿಗೆ ತಗುಲಿತು. ಇದೆಲ್ಲ ನಾನು ಆಮೇಲೆ ಕೇಳಿ ತಿಳಿದದ್ದು; ಒಳಗೆ ಕೈಯಿದೆಯೋ ಇಲ್ಲವೋ ನನಗೆ ಕಾಣದು. ತಂತಿಯಲ್ಲಿ ಬಂದ ಸುದ್ದಿಯಷ್ಟೇ ಗೊತ್ತು. ಗುಂಡಿ ಒತ್ತಿದ ಸುದ್ದಿ ಬಂತು. ಪ್ರೆಸ್ಸಿಗೆ ಇಳಿ ಎಂದೆ.

"ಯವ್ವಾ!"

ಕೈ ಹೇಗೋ ಇಡಿಯಾಗಿ ಹೊರಗೆ ಬಂತು. ಬಳೆಗಳು ಒಳಗೇ ಚೂರಾದವು.

"ಒಂದ ಗುಂಡಿಗೆ ಹೆಂಗ ಇಳೀತೋ ದಸ್ತಗೀರಣ್ಣ? ಎರಡೂ ಒತ್ತಬೇಕಿತ್ತಲ್ಲೋ!" ನಾನು ಮರೆತದ್ದೇನೆಂದು ನನಗೆ ತಿಳಿದದ್ದು ಆಗಲೇ.

ಈಗ ನಾನು ಅದೇ ಕಾರ್ಖಾನೆಯ ಗುಜರಿ ಮೂಲೆಯಲ್ಲಿದ್ದೇನೆ. ಯಂತ್ರ ಮರೆಯುವುದಿಲ್ಲ ಎಂದು ಜನ ನಂಬುತ್ತಾರೆ, ಆ ನಂಬಿಕೆಯೇ ನನಗೆ ಭಯ. ನನ್ನ ಜಾಗಕ್ಕೆ ಹೊಸಬ ಬಂದಿದ್ದಾನೆ. ಇವತ್ತು ಹೊಸ ಎಂಜಿನಿಯರು ಅವನಿಗೆ ಎರಡು ಗುಂಡಿಯ ಪಾಠ ಹೇಳಿ ಮುಗಿಸಿ, ಬ್ಯಾಗು ಹೆಗಲಿಗೇರಿಸಿ, "ನಕಲು ನಾಳೆ ಮಾಡೋಣ" ಅಂದರು. ಕರೆಂಟಿಲ್ಲದ ನನ್ನ ಮೈಯಲ್ಲೂ ನಡುಕ ಹುಟ್ಟಿತು.

ನೀಲವ್ವ ಬಾಗಿಲಿಗೆ ಅಡ್ಡ ನಿಂತಳು. ಬಳೆಯಿಲ್ಲದ ಬಲಗೈ ಮುಂದೆ ಚಾಚಿದಳು.

"ಈಗ ಮಾಡ್ರಿ ಸಾಹೇಬ್ರ. ನೀವು ಮಾಡಿದ್ದು ನೋಡಿದ ಮ್ಯಾಲೇ ನಾ ಈ ಕೈಗೆ ಬಳಿ ಇಟ್ಕೋತೀನಿ."