ಕಾಲಾಳು ಹಿಂದಕ್ಕೆ ಬಾರ

ಬಸ್ಸು ತಾಳಗುಂದ ದಾಟಿತೇನೋ, ಕಿಟಕಿಯಾಚೆ ಗದ್ದೆಗಳು ಚೌಕ ಚೌಕವಾಗಿ ಸರಿಯುತ್ತಿವೆ, ಶಾಂತವೀರಪ್ಪ ಮೇಷ್ಟ್ರು ಕುಂಬಳಕಾಯಿ ಕಳ್ಳನ ಹಾಗೆ ಮತ್ತೆ ಜೇಬು ಮುಟ್ಟಿಕೊಂಡರು — ಕಾರ್ಡು ಇದೆ, ಸುಳ್ಳು ಎಲ್ಲಿಗೆ ಹೋದೀತು. ಸೊರಬದಲ್ಲೇ ಡಬ್ಬಿಗೆ ಹಾಕಬಹುದಿತ್ತು, ಪೋಸ್ಟ್‌ಮ್ಯಾನ್ ಚೌಡಪ್ಪ ಓದದೆ ಬಿಡಬೇಕಲ್ಲ, ಮೂರು ವರ್ಷದಿಂದ ಹಂಗೇರಿಯಿಂದ ಬರುವ ಚದುರಂಗದ ನಡೆಯ ಕಾರ್ಡನ್ನು ಇವರಿಗಿಂತ ಮೊದಲೇ ಓದಿ, ತನ್ನ ಮನೆಯ ಹಾಸಿನ ಮೇಲೆ ಕಾಯಿ ನಡೆಸಿಟ್ಟೇ ಬರುವವನು, ಮೇಷ್ಟ್ರೇ, ನಿಮ್ ರಾಜನ ಕಥೆ ಮುಗೀತು ರೀ, ಅವರ ಕಾಲಾಳು ಇನ್ನೊಂದು ಮನೆ ಇಟ್ರೆ ಮಂತ್ರಿ ಆಗ್ತದೆ ಅಂದಿದ್ದ. ಹೌದು, ಒಂದೇ ಮನೆ. ಈ ಸಲ ಬಂದದ್ದು ಮಾತ್ರ ಅಂಟಿಸಿದ ಲಕೋಟೆ, ಚೌಡಪ್ಪನಿಗೆ ಗೊತ್ತಿಲ್ಲ, ಮುಂದೆ ಕೇಳಿದರೆ ಏನೋ ಒಂದು ಹೇಳಿದರಾಯಿತು.

ಕಾರ್ಡು ಬರೆಯುವ ಆ ಕಾರ್ದೋಶ್ — ಹತ್ತೊಂಬತ್ತನೇ ವಯಸ್ಸಿಗೇ ತನ್ನ ದೇಶಕ್ಕೆ ಚಾಂಪಿಯನ್, ಆಮೇಲೆ ಗ್ರ್ಯಾಂಡ್‌ಮಾಸ್ಟರ್, ನಲವತ್ತು ಜನರ ಜೊತೆ ಒಟ್ಟಿಗೇ ಆಡಿ ನಲವತ್ತನ್ನೂ ಗೆದ್ದವನು, ಅಂಥವನು ಸೊರಬದ ಮೇಷ್ಟ್ರ ಕಾಗದಕ್ಕೆ ಉತ್ತರ ಬರೆದನಲ್ಲ, ಇವರು ಊರ ಪದ್ಧತಿಯಂತೆ ರಾಜನನ್ನು ಕುದುರೆಯ ಹಾಗೆ ನೆಗೆಸಿದಾಗಲೂ ನಗಲಿಲ್ಲ, ನಿಮ್ಮ ಆಟ ನಮ್ಮದಕ್ಕಿಂತ ಹಿರಿಯದು, ಆದರೂ ಇನ್ನೊಂದು ನಡೆ ಕಳಿಸಿ ಎಂದ. ಆಮೇಲೆ ಬುಡಾಪೆಸ್ಟಿಗೆ ರಷ್ಯದ ಟ್ಯಾಂಕು ನುಗ್ಗಿದ್ದು, ಪೇಪರಿನಲ್ಲಿ ಓದಿದ್ದು, ನಾಲ್ಕು ತಿಂಗಳು ಕಾರ್ಡಿಲ್ಲ, ಚೌಡಪ್ಪನೂ ಮಂಕಾಗಿದ್ದ. ಈಗ ವಿಯೆನ್ನಾದಿಂದ ಅವನ ಲಕೋಟೆ — ನಡೆದೇ ಗಡಿ ದಾಟಿದೆ, ಪದಕ, ಪುಸ್ತಕ, ಬರೆದಿಟ್ಟ ನಡೆಗಳು ಎಲ್ಲ ಅಲ್ಲೇ ಉಳಿದವು, ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತೇನೆ, ತಲೆಯಲ್ಲಿದ್ದ ಆಟಗಳೂ ಕಲಸಿಹೋಗಿವೆ, ನಮ್ಮ ಕಾಯಿಗಳು ಎಲ್ಲೆಲ್ಲಿದ್ದವು ತಿಳಿಸಿ, ನೀವು ಬರೆದಂತೆಯೇ ಇಟ್ಟು ಆಡುತ್ತೇನೆ.

ನೀವು ಬರೆದಂತೆಯೇ — ಆ ಮಾತೇ ಕೆಡಿಸಿತು, ಅವನ ಬಿಳಿಯ ಕಾಲಾಳನ್ನು ಒಂದು ಮನೆ ಹಿಂದಿಟ್ಟು ಬರೆದರೆ ಇವರ ಆನೆ ಹೊಡೆದುಬಿಡುತ್ತದೆ, ಹಾಗೇ ಬರೆದೂ ಆಯಿತು, ಗ್ರ್ಯಾಂಡ್‌ಮಾಸ್ಟರನ್ನು ಸೋಲಿಸಿದ ಮೇಷ್ಟ್ರು, ಆಗ ನೋಡಬೇಕು ಶಿಕಾರಿಪುರದ ಜವಳಿ ಅಂಗಡಿ ಪರಮಶಿವಪ್ಪನ ಮುಖ, ಏನ್ರೀ, ಇಷ್ಟು ವರ್ಷದಾಗ ಯಾರನ್ನ ಗೆದ್ದೀರಿ ಅಂತ ಹಲ್ಲು ಕಿರಿಯುವವನು — ಇಳೀರಿ ಇಳೀರಿ, ಶಿಕಾರಿಪುರ, ಕಂಡಕ್ಟರ್ ಕೂಗುತ್ತಿದ್ದಾನೆ, ಎದುರಿಗೇ ಕೆಂಪು ಡಬ್ಬಿ, ಕಾರ್ಡು ಅರ್ಧ ಒಳಗೆ ಹೋಗಿದೆ, ಅರ್ಧ ಬೆರಳಲ್ಲಿ, ಬಾಲ್ಯದ ಜಗಲಿಯ ಮೇಲೆ ಅಪ್ಪ ಹಾಸು ಬಿಡಿಸಿ ಹೇಳುತ್ತಿದ್ದಾನೆ, ಆನೆ ಕುದುರೆ ಬೇಕಾದ್ರೆ ಹಿಂದಕ್ಕೆ ಬರ್ಲಿ ಮಗಾ, ಕಾಲಾಳಿಗೆ ವಾಪಸ್ ಹೋಗಾಕೆ ದಾರಿ ಇಲ್ಲ — ದಾರಿ ಇಲ್ಲ, ಗಡಿ ದಾಟಿ ಬಂದವನನ್ನು, ತಟ್ಟೆ ತೊಳೆಯುವವನನ್ನು, ಇವರು ಹಿಂದಕ್ಕೆ ತಳ್ಳಲು ಬಸ್ಸು ಹತ್ತಿ ಬಂದಿದ್ದಾರೆ, ಥೂ, ನಾಚಿಕೆಯಾಯಿತು, ಕಾರ್ಡು ಈಚೆಗೆ ಬಂತು, ಹರಿದು ಚೂರಾಯಿತು, ಬೇರೆ ಬರೆಯಬೇಕು, ಇದ್ದದ್ದು ಇದ್ದಹಾಗೆ, ಸೋಲಬೇಕು, ಸೊರಬದಲ್ಲೇ ಹಾಕಬೇಕು, ಚೌಡಪ್ಪ ಓದಲಿ, ಬಿಳಿಯ ಕಾಲಾಳು ಏಳನೆಯ ಸಾಲಿನಲ್ಲಿ, ಒಬ್ಬನೇ, ಮುಂದೆ ಒಂದೇ ಮನೆ, ಬಿಳಿಯ ಕಾಲಾಳು, ಒಬ್ಬನೇ —